ದೂರ ಭೂಮಿಯದು, ಹೊತ್ತು ಗಾಳಿಯದು



ಶಾಸ್ತ್ರದ ಒಂದು ಸಂಗತಿಯನ್ನು ಶಾಸ್ತ್ರ ಓದದವರಿಗೂ ತಿಳಿಯುವಂತೆ ಹೇಳಬೇಕು ಎನ್ನುವುದು ಈ ದತ್ತಿ ಉಪನ್ಯಾಸದ ಕರಾರು. ನಾನು ಆರಿಸಿಕೊಂಡದ್ದು ಈಗ ನಮ್ಮ ಮನೆಗಳಲ್ಲಿ ದಿನಬಳಕೆಯಾಗಿರುವ ಒಂದು ಪ್ರಶ್ನೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ಎಷ್ಟು ದೂರ, ಹೋಗುವುದಕ್ಕೆ ಎಷ್ಟು ಹೊತ್ತು? ಮಗಳ ಬಾಣಂತನಕ್ಕೋ ಮಗನ ಗೃಹಪ್ರವೇಶಕ್ಕೋ ಆ ಕಡೆ ಹೋಗಿಬಂದವರು ಈ ಸಭೆಯಲ್ಲೇ ಸಾಕಷ್ಟು ಜನ ಇದ್ದೀರಿ. ಫೋನಿನಲ್ಲಿ ಎರಡು ಊರಿನ ಹೆಸರು ಹಾಕಿದರೆ ಎರಡು ಅಂಕಿ ಜೊತೆಯಾಗಿ ಬರುತ್ತವೆ: ಸುಮಾರು 14,000 ಕಿ.ಮೀ., ಸುಮಾರು 16 ಗಂಟೆ. ಹೀಗೆ ಅಕ್ಕಪಕ್ಕ ಕೂತದ್ದರಿಂದ ಒಂದರಿಂದ ಇನ್ನೊಂದು ಹುಟ್ಟಿತು, ದೂರವನ್ನು ವೇಗದಿಂದ ಭಾಗಿಸಿದರೆ ಹೊತ್ತು ಸಿಕ್ಕಿತು ಎಂದು ನಮಗೆ ತೋರುತ್ತದೆ. ಏಳನೇ ಕ್ಲಾಸಿನ ಲೆಕ್ಕ ಹಾಗೇ ಇತ್ತು. ವಿಮಾನದ ಲೆಕ್ಕ ಹಾಗಿಲ್ಲ. ಮೊದಲನೆಯ ಅಂಕಿಯನ್ನು ಭೂಮಿ ಕೊಟ್ಟಿದೆ, ಅದು ಬದಲಾಗುವುದಿಲ್ಲ. ಎರಡನೆಯದನ್ನು ಗಾಳಿ, ಇಂಧನ, ಬೆಟ್ಟಗಳು ಮತ್ತು ಸರಕಾರಗಳು ಸೇರಿ ನಿತ್ಯವೂ ಹೊಸದಾಗಿ ಬರೆಯುತ್ತವೆ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ. ಆದರೆ ಇದನ್ನು ನಂಬಿಸುವುದಕ್ಕೆ ಒಂದು ಗಂಟೆ ಬೇಕು.

ಮೊದಲು ದೂರ. ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಒಂದು ದಾರದ ತುದಿಯನ್ನು ಬೆಂಗಳೂರಿನ ಮೇಲೆ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಕ್ಯಾಲಿಫೋರ್ನಿಯಾದ ಕರಾವಳಿಗೆ ಎಳೆದು ಬಿಗಿ ಮಾಡಿ. ದಾರ ಎಲ್ಲಿ ಕೂರುತ್ತದೋ ಅದೇ ಅತಿ ಹತ್ತಿರದ ದಾರಿ. ಭೂಗೋಳದ ಪುಸ್ತಕದ ಮಹಾವೃತ್ತ ಎಂದರೆ ಇದೇ. ಗೋಡೆಗೆ ತೂಗುಹಾಕಿದ ಭೂಪಟದಲ್ಲಿ ನೋಡಿ ಅಭ್ಯಾಸವಾದ ಕಣ್ಣಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಭೂಪಟದ ಪ್ರಕಾರ ಅಮೆರಿಕ ನಮ್ಮ ಪಶ್ಚಿಮಕ್ಕಿದೆ, ಅರಬ್ಬೀ ಸಮುದ್ರ, ಯೂರೋಪು, ಅಟ್ಲಾಂಟಿಕ್ ದಾಟಿ ಹೋಗಬೇಕು. ದಾರ ಆ ಕಡೆ ಸುಳಿಯುವುದೇ ಇಲ್ಲ. ಅದು ಬೆಂಗಳೂರಿನಿಂದ ನೇರ ಉತ್ತರಕ್ಕೆ, ಸ್ವಲ್ಪ ಪೂರ್ವಕ್ಕೆ ಓರೆಯಾಗಿ ಏರುತ್ತದೆ. ನಾನು ಲೆಕ್ಕ ಹಾಕಿ ಆ ದಾರಿಯ ಜಾಗಗಳನ್ನು ಗುರುತಿಸಿದ್ದೇನೆ: ತೆಲಂಗಾಣ, ಗಡಚಿರೋಲಿಯ ಕಾಡು, ಪ್ರಯಾಗದ ಪೂರ್ವಕ್ಕೆ ಗಂಗೆ, ನೇಪಾಳದ ನಡುಭಾಗ, ಟಿಬೆಟ್, ಮಂಗೋಲಿಯದ ಪಶ್ಚಿಮದ ಅಂಚು, ಬೈಕಲ್ ಸರೋವರದ ಉತ್ತರಕ್ಕೆ ಸೈಬೀರಿಯ. ಆಮೇಲೆ 71 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ ಪೂರ್ವ ಸೈಬೀರಿಯದ ಹೆಪ್ಪುಗಟ್ಟಿದ ಸಮುದ್ರ. ಅಲ್ಲಿಂದ ದಾರಿ ಇಳಿಯತೊಡಗಿ ಅಲಾಸ್ಕವನ್ನು ಅದರ ಅತಿ ಎತ್ತರದ ಶಿಖರ ಡೆನಾಲಿಯ ಸಮೀಪದಲ್ಲೇ ದಾಟಿ, ಪೆಸಿಫಿಕ್ಕಿನ ಅಂಚಿನಲ್ಲಿ ದಕ್ಷಿಣಕ್ಕೆ ಜಾರಿ ಸ್ಯಾನ್ ಫ್ರಾನ್ಸಿಸ್ಕೊ ತಲುಪುತ್ತದೆ. ಯೂರೋಪೂ ಇಲ್ಲ, ಅಟ್ಲಾಂಟಿಕ್ಕೂ ಇಲ್ಲ.

ಇದಕ್ಕೆ ಕಾರಣ ಸರಳ. ಬೆಂಗಳೂರಿನ ರೇಖಾಂಶಕ್ಕೂ ಸ್ಯಾನ್ ಫ್ರಾನ್ಸಿಸ್ಕೊದ ರೇಖಾಂಶಕ್ಕೂ 160 ಡಿಗ್ರಿ ಅಂತರ. ಅದು 180 ಇದ್ದಿದ್ದರೆ, ಎರಡೂ ಊರು ಉತ್ತರಾರ್ಧದಲ್ಲೇ ಇರುವುದರಿಂದ, ಅತಿ ಹತ್ತಿರದ ದಾರಿ ಉತ್ತರ ಧ್ರುವದ ಮೇಲೇ ಹಾದುಹೋಗುತ್ತಿತ್ತು. ಭೂಪಟ ಮಾಡಿದವರು ಸುಳ್ಳು ಹೇಳಲಿಲ್ಲ. 1569ರಲ್ಲಿ ಮರ್ಕೇಟರ್ ಬರೆದ ಪಟ ಹಡಗಿನವರಿಗಾಗಿ ಆದದ್ದು. ದಿಕ್ಸೂಚಿಯನ್ನು ಒಂದೇ ಕೋನದಲ್ಲಿ ಹಿಡಿದು ಹೋಗುವವನಿಗೆ ಅದರಲ್ಲಿ ಗೆರೆ ನೇರವಾಗಿ ಬರುತ್ತದೆ. ಆ ಅನುಕೂಲಕ್ಕಾಗಿ ಧ್ರುವದ ಕಡೆಯ ನೆಲವನ್ನೆಲ್ಲ ಹಿಗ್ಗಿಸಿದ್ದಾರೆ. ನಮ್ಮ ಶಾಲೆಗಳು ಅದನ್ನೇ ಗೋಡೆಗೆ ಹೊಡೆದು ನಾಲ್ಕು ತಲೆಮಾರಿಗೆ ಭೂಮಿ ಚಪ್ಪಟೆಯಾಗಿದೆ ಎಂದು ಕಲಿಸಿದವು, ಪಾಠದಲ್ಲಿ ಮಾತ್ರ ದುಂಡಗಿದೆ ಎನ್ನುತ್ತ.

ಎರಡು ಊರುಗಳ ನಡುವಿನ ದೂರವನ್ನೂ ದಿಕ್ಕನ್ನೂ ಗೋಳದ ಮೇಲೆ ಕಂಡುಹಿಡಿಯುವ ಲೆಕ್ಕ ವಿಮಾನಕ್ಕಾಗಿ ಹುಟ್ಟಿದ್ದಲ್ಲ. ಸಾವಿರ ವರ್ಷದ ಹಿಂದೆ, 1025ರಲ್ಲಿ, ಅಲ್ ಬಿರೂನಿ ಘಜ್ನಿಯಲ್ಲಿ ಕೂತು ಅಲ್ಲಿಂದ ಮೆಕ್ಕಾ ಯಾವ ದಿಕ್ಕಿಗಿದೆ ಎಂದು ಸಾಧಿಸಲು ಒಂದು ಇಡೀ ಗ್ರಂಥ ಬರೆದ. ಪ್ರಾರ್ಥನೆಗೆ ಯಾವ ಕಡೆ ಮುಖ ಮಾಡಬೇಕು ಎಂಬುದು ಅವನ ಪ್ರಶ್ನೆ. ಅದಕ್ಕೆ ಬೇಕಾದ ತ್ರಿಕೋನಮಿತಿಯೇ ಇವತ್ತು ಫೋನಿನೊಳಗೆ ಕೂತಿದೆ.

ಇಲ್ಲೊಂದು ಬೆಂಗಳೂರಿನ ಮಾತು ಬರಬೇಕು. ಶ್ರೀರಂಗಪಟ್ಟಣ ಬಿದ್ದ ಮಾರನೆಯ ವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಸೈನ್ಯಾಧಿಕಾರಿ ಬೆಂಗಳೂರಿನ ಬಯಲಿನಲ್ಲಿ ನೂರು ಅಡಿಯ ಉಕ್ಕಿನ ಸರಪಳಿ ಹಾಸಿ ಏಳು ಮೈಲಿಗೂ ಉದ್ದದ ಒಂದು ಗೆರೆ ಅಳೆದ. ಎರಡು ವರ್ಷದ ಮೇಲೆ ಮದ್ರಾಸಿನಿಂದ ಶುರುವಾದ ಮಹಾ ತ್ರಿಕೋನಮಿತಿ ಸರ್ವೆಗೆ ಇದು ತಾಲೀಮು. ಈಸ್ಟ್ ಇಂಡಿಯಾ ಕಂಪನಿಗೆ ಬೇಕಾಗಿದ್ದದ್ದು ಗೆದ್ದ ನೆಲದ ನಕ್ಷೆ. ಲ್ಯಾಂಬ್ಟನ್‌ಗೆ ಬೇಕಾಗಿದ್ದದ್ದು ಭೂಮಿಯ ಆಕಾರ: ಒಂದು ಡಿಗ್ರಿ ಅಕ್ಷಾಂಶ ನಮ್ಮ ಕಡೆ ಎಷ್ಟು ಉದ್ದ, ಯೂರೋಪಿನ ಕಡೆ ಎಷ್ಟು ಉದ್ದ ಎಂದು ತಿಳಿದರೆ ಭೂಮಿ ಎಷ್ಟು ಒತ್ತಿದಂತಿದೆ ಎಂದು ಗೊತ್ತಾಗುತ್ತದೆ. ಇವತ್ತಿನ ಲೆಕ್ಕದಲ್ಲಿ ಭೂಮಧ್ಯರೇಖೆಯ ಕಡೆಯ ತ್ರಿಜ್ಯ 6,378 ಕಿ.ಮೀ., ಧ್ರುವದ ಕಡೆಯದು 6,357. ಈ 21 ಕಿ.ಮೀ. ವ್ಯತ್ಯಾಸವನ್ನು ಬಿಟ್ಟು ಭೂಮಿ ಪೂರ್ತಿ ಗೋಳ ಎಂದು ಲೆಕ್ಕ ಹಾಕಿದರೆ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ದೂರದಲ್ಲಿ ಕೆಲವೇ ಕಿಲೋಮೀಟರು ತಪ್ಪುತ್ತದೆ. 2021ರಲ್ಲಿ ಏರ್ ಇಂಡಿಯಾ ಪ್ರಕಟಿಸಿದ ನೇರ ದೂರ 13,993 ಕಿ.ಮೀ. ಸಾದಾ ಗೋಳದ ಸೂತ್ರದಿಂದ ನನಗೆ ಬಂದದ್ದು 13,987. ಅಂಗಡಿಯ ತಕ್ಕಡಿಯಲ್ಲಿ ಇಷ್ಟು ನಿಖರತೆ ಸಿಗುವುದಿಲ್ಲ.

ದೂರದ ಅಧ್ಯಾಯ ಅಲ್ಲಿಗೆ ಮುಗಿಯಿತು. ಇನ್ನು ತೊಡಕು ಶುರು: ಈ ಅತಿ ಹತ್ತಿರದ ದಾರಿಯಲ್ಲಿ ಯಾರೂ ಹಾರುವುದಿಲ್ಲ.

ಮೊದಲನೆಯ ಅಡ್ಡಿ ಟಿಬೆಟ್. ಹತ್ತೂವರೆ ಕಿಲೋಮೀಟರು ಎತ್ತರದಲ್ಲಿ ಹಾರುವ ವಿಮಾನಕ್ಕೆ ನಾಲ್ಕೂವರೆ ಕಿಲೋಮೀಟರು ಎತ್ತರದ ಪ್ರಸ್ಥಭೂಮಿ ಏನು ಮಾಡೀತು ಎಂದು ಕೇಳಬಹುದು. ಎಲ್ಲ ಸರಿಯಿದ್ದಾಗ ಏನೂ ಮಾಡುವುದಿಲ್ಲ. ಕ್ಯಾಬಿನ್ನಿನ ಗಾಳಿಯ ಒತ್ತಡ ಹೋದರೆ ಪೈಲಟ್ ವಿಮಾನವನ್ನು ತಕ್ಷಣ ಸುಮಾರು 10,000 ಅಡಿಗೆ ಇಳಿಸಬೇಕು. ತಲೆಯ ಮೇಲಿನಿಂದ ಬೀಳುವ ಮುಖವಾಡಗಳಲ್ಲಿ ಪ್ರಯಾಣಿಕರಿಗಿರುವ ಆಮ್ಲಜನಕ ಕೆಲವೇ ನಿಮಿಷಗಳದು. ಟಿಬೆಟ್ಟಿನ ಮೇಲೆ 10,000 ಅಡಿ ಎಂದರೆ ನೆಲದೊಳಗೆ. ಅದಕ್ಕೇ ವಿಮಾನದ ದಾರಿಗಳು ಆ ಎತ್ತರವನ್ನು ಬಳಸಿಕೊಂಡು ಹೋಗುತ್ತವೆ. ಪೂರ್ವಕ್ಕೆ ಸರಿದರೆ ಮ್ಯಾನ್ಮಾರ್, ಚೀನ, ಜಪಾನ್, ಪೆಸಿಫಿಕ್. ಪಶ್ಚಿಮಕ್ಕೆ ಸರಿದರೆ ಮಧ್ಯ ಏಷ್ಯ, ರಷ್ಯ, ಧ್ರುವ.

ಧ್ರುವದ ಮೇಲಿನ ದಾರಿ ದೊಡ್ಡ ಸುತ್ತು ಎಂದು ತೋರುತ್ತದೆ. ಲೆಕ್ಕ ಹಾಕಿ, ಬಾಯಲ್ಲೇ ಆಗುತ್ತದೆ. ಒಂದು ಡಿಗ್ರಿ ಅಕ್ಷಾಂಶ ಸುಮಾರು 111 ಕಿ.ಮೀ. ಸ್ಯಾನ್ ಫ್ರಾನ್ಸಿಸ್ಕೊ 37.6 ಡಿಗ್ರಿಯಲ್ಲಿದೆ, ಅಲ್ಲಿಂದ ಧ್ರುವಕ್ಕೆ 52.4 ಡಿಗ್ರಿ. ಬೆಂಗಳೂರಿನ ದೇವನಹಳ್ಳಿ ನಿಲ್ದಾಣ 13.2ರಲ್ಲಿ, ಧ್ರುವದಿಂದ ಇಲ್ಲಿಗೆ 76.8. ಕೂಡಿಸಿ 111ರಿಂದ ಗುಣಿಸಿದರೆ ಸುಮಾರು 14,350 ಕಿ.ಮೀ. ಅತಿ ಹತ್ತಿರದ ದಾರಿಗಿಂತ ಹೆಚ್ಚಾದದ್ದು ನಾನೂರು ಕಿಲೋಮೀಟರಿಗೂ ಕಡಿಮೆ, ಅರ್ಧ ಗಂಟೆಯ ಹಾರಾಟವೂ ಅಲ್ಲ. ಸರಿಯಾಗಿ ಧ್ರುವಬಿಂದುವಿಗೇ ಹೋಗಿ ಬರುವುದಕ್ಕೆ ಇಷ್ಟೇ ದಂಡ!

2021ರ ಜನವರಿಯಲ್ಲಿ ನಡೆದದ್ದೂ ಇದೇ. ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಬಂದ ಮೊದಲ ನೇರ ವಿಮಾನದ ಕಾಕ್‌ಪಿಟ್ಟಿನಲ್ಲಿ ನಾಲ್ವರೂ ಹೆಂಗಸರು: ಕ್ಯಾಪ್ಟನ್ ಝೋಯಾ ಅಗರ್ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವಣೆ, ಶಿವಾನಿ ಮನ್ಹಾಸ್. ಬೋಯಿಂಗ್ 777-200 ಎಲ್‌ಆರ್ ವಿಮಾನ, 238 ಸೀಟು. ಉತ್ತರ ಧ್ರುವದ ಮೇಲೆ ಹಾದು ಬಂದರು. ಈ ದಾರಿಯಿಂದ 10 ಟನ್ ಇಂಧನ ಉಳಿಯಿತೆಂದು ಕ್ಯಾಪ್ಟನ್ ಅಗರ್ವಾಲ್ ಹೇಳಿದ್ದರು. ಪತ್ರಿಕೆಗಳಲ್ಲಿ ಬಂದ ಹಾರಾಟದ ದೂರ ಸುಮಾರು 16,000 ಕಿ.ಮೀ. ನಾನು ಈಗ ಹೇಳಿದ 14,350ಕ್ಕೂ ಇದಕ್ಕೂ ಹೊಂದುವುದಿಲ್ಲವಲ್ಲ ಎಂದು ಗಮನಿಸಿದವರು ಇಲ್ಲಿ ಇರಬಹುದು. ಹೊಂದಬೇಕಾಗಿಲ್ಲ. ಹಾರಿದ ದೂರ ಎನ್ನುವುದು ಗೆರೆಯ ಉದ್ದವಲ್ಲ; ಯಾವ ದೇಶ ಯಾವ ಬಾಗಿಲಿನಿಂದ ಒಳಗೆ ಬಿಟ್ಟಿತು, ಗಾಳಿ ಎಲ್ಲಿ ಹಿತವಾಗಿತ್ತು ಎಂಬುದರ ಉದ್ದ ಅದು.

ಧ್ರುವದ ದಾರಿಯ ಕಷ್ಟಗಳು ಬೇರೆ ಜಾತಿಯವು. ದಿಕ್ಸೂಚಿ ಅಲ್ಲಿ ನಂಬುವಂತಿಲ್ಲ, ಕಾಂತೀಯ ಉತ್ತರವೂ ನಿಜವಾದ ಉತ್ತರವೂ ದೂರ ದೂರ. ಉಪಕರಣಗಳನ್ನು ನಿಜವಾದ ಉತ್ತರಕ್ಕೆ ಬದಲಿಸಿಕೊಳ್ಳಬೇಕು. ಭೂಮಧ್ಯರೇಖೆಯ ಮೇಲೆ ನಿಂತ ಉಪಗ್ರಹಗಳು ಸುಮಾರು 82 ಡಿಗ್ರಿಯ ಆಚೆಗೆ ಕಾಣವು, ಹಳೆಯ ಕಾಲದ ರೇಡಿಯೊ ಮತ್ತೆ ಕೆಲಸಕ್ಕೆ ಬರುತ್ತದೆ. ಸೂರ್ಯನಲ್ಲಿ ಸಿಡಿತ ಎದ್ದ ದಿನ ಆ ರೇಡಿಯೊವೂ ಇಲ್ಲ. ಎಲ್ಲಕ್ಕಿಂತ ನನಗೆ ಸ್ವಾರಸ್ಯವಾಗಿ ಕಂಡದ್ದು ಇಂಧನದ ಸಂಗತಿ. ಅಮೆರಿಕದಲ್ಲಿ ತುಂಬುವ ಜೆಟ್ ಎ ಇಂಧನ ಮೈನಸ್ 40 ಡಿಗ್ರಿಯಲ್ಲೇ ಹೆಪ್ಪುಗಟ್ಟತೊಡಗುತ್ತದೆ. ನಮ್ಮಲ್ಲಿ ಬಳಸುವ ಜೆಟ್ ಎ-1 ಮೈನಸ್ 47ರವರೆಗೆ ತಡೆಯುತ್ತದೆ. ಹೊರಗಿನ ಗಾಳಿ ಇದಕ್ಕಿಂತಲೂ ತಣ್ಣಗಿರಬಹುದು. ಗಂಟೆಗಟ್ಟಲೆ ರೆಕ್ಕೆಯೊಳಗೆ ತಣ್ಣಗಾದ ಇಂಧನವನ್ನು ಬಿಸಿ ಮಾಡುವುದಕ್ಕೆ ಪೈಲಟ್ ಕೆಳಗಿಳಿಯಬೇಕು, ಇಲ್ಲ ವೇಗ ಹೆಚ್ಚಿಸಿ ಗಾಳಿಯ ತಿಕ್ಕಾಟದಿಂದ ರೆಕ್ಕೆಯನ್ನು ಬೆಚ್ಚಗೆ ಮಾಡಬೇಕು. ಧ್ರುವದ ಮೇಲೆ ಹಾರುವ ವಿಮಾನದಲ್ಲಿ ಕನಿಷ್ಠ ಎರಡು ಶೀತನಿರೋಧಕ ಉಡುಪು ಇಟ್ಟಿರಬೇಕೆಂಬ ನಿಯಮ ಅಮೆರಿಕದಲ್ಲಿದೆ. ಇನ್ನೂರು ಮುನ್ನೂರು ಪ್ರಯಾಣಿಕರಿಗೆ ಎರಡೇ ಉಡುಪೇ ಎಂದು ನಗಬೇಡಿ. ಅದು ಪ್ರಯಾಣಿಕರಿಗಲ್ಲ, ವಿಮಾನ ಯಾವುದೋ ಹಿಮದ ನಿಲ್ದಾಣದಲ್ಲಿ ಇಳಿದರೆ ಹೊರಗೆ ಹೋಗಿ ಮಾತಾಡಿ ಬರುವ ಸಿಬ್ಬಂದಿಗೆ.

ಹಾಗೆ ಇಳಿಯಬೇಕಾಗಿ ಬಂದ ಘಟನೆ ದೂರದ್ದೇನಲ್ಲ. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ಏರ್ ಇಂಡಿಯಾ ವಿಮಾನ ಎಂಜಿನ್ ತೊಂದರೆಯಿಂದ ರಷ್ಯದ ಪೂರ್ವತುದಿಯ ಮಗದಾನ್‌ನಲ್ಲಿ ಇಳಿಯಿತು. 216 ಪ್ರಯಾಣಿಕರು, 16 ಸಿಬ್ಬಂದಿ. ಊರಿನ ಶಾಲೆ, ಹಾಸ್ಟೆಲುಗಳಲ್ಲಿ ನೆಲದ ಮೇಲೆ ಹಾಸಿಗೆ ಹಾಕಿ ಮಲಗಿಸಿದರು. ಬೇರೊಂದು ವಿಮಾನ ಹೋಗಿ ಅವರನ್ನು ಕರೆದುಕೊಂಡು ಸ್ಯಾನ್ ಫ್ರಾನ್ಸಿಸ್ಕೊ ಮುಟ್ಟಿಸುವಾಗ ಜೂನ್ 8 ಆಗಿತ್ತು. ಅವರಿಗೆ ಆ ಪ್ರಯಾಣದ ಹೊತ್ತು 16 ಗಂಟೆ ಎಂದು ಹೇಳಲು ಹೋಗಬೇಡಿ.

ಮಗದಾನ್ ಎನ್ನುತ್ತಿದ್ದಂತೆ ಸರಕಾರಗಳ ಮಾತು ಬಂತು. ಗೋಳದ ಮೇಲಿನ ದಾರ ಗಡಿಗಳನ್ನು ನೋಡುವುದಿಲ್ಲ, ವಿಮಾನ ನೋಡಲೇಬೇಕು. ಸೋವಿಯತ್ ಒಕ್ಕೂಟ ಸೈಬೀರಿಯದ ಆಕಾಶವನ್ನು ಮುಚ್ಚಿಟ್ಟಿದ್ದ ಕಾಲದಲ್ಲಿ ಲಂಡನ್ನಿನಿಂದ ಟೋಕಿಯೊಗೆ ಹೋಗುವವರು ಅಲಾಸ್ಕದ ಆಂಕರೇಜ್‌ನಲ್ಲಿ ಇಳಿದು ಹತ್ತುತ್ತಿದ್ದರು. ಶೀತಲ ಸಮರ ಮುಗಿದ ಮೇಲೆ ಆಕಾಶ ತೆರೆಯಿತು, ಆಂಕರೇಜ್ ಬರಿದಾಯಿತು. 2022ರಲ್ಲಿ ಉಕ್ರೇನ್ ಯುದ್ಧದ ನಂತರ ರಷ್ಯ ಯೂರೋಪು, ಅಮೆರಿಕದ ಕಂಪನಿಗಳಿಗೆ ಆಕಾಶವನ್ನು ಮತ್ತೆ ಮುಚ್ಚಿತು. ಹೆಲ್ಸಿಂಕಿಯಿಂದ ಟೋಕಿಯೊಗೆ ಒಂಬತ್ತೂವರೆ ಗಂಟೆಯಲ್ಲಿ ಹೋಗುತ್ತಿದ್ದ ಫಿನ್‌ಏರ್‌ಗೆ ಈಗ 13 ಗಂಟೆ ಬೇಕು, ಕೆಲವು ಸಲ ಧ್ರುವದ ಮೇಲೇ ಹೋಗುತ್ತಾರೆ. ಆ ಎರಡು ಊರುಗಳ ನಡುವಿನ ದೂರ ಒಂದು ಅಂಗುಲವೂ ಹೆಚ್ಚಿಲ್ಲ.

ಭಾರತದ ಕಂಪನಿಗಳಿಗೆ ರಷ್ಯ ಬಾಗಿಲು ಹಾಕಲಿಲ್ಲ. ಇದು ಬೆಂಗಳೂರಿಗೆ ನೇರವಾಗಿ ತಟ್ಟಿದ ಸಂಗತಿ. 2020ರಲ್ಲಿ ಅಮೆರಿಕದ ಎರಡು ದೊಡ್ಡ ಕಂಪನಿಗಳು ನಮ್ಮ ಊರಿಗೆ ನೇರ ವಿಮಾನ ಹಾಕುವುದಾಗಿ ಸಾರಿದ್ದವು, ಸ್ಯಾನ್ ಫ್ರಾನ್ಸಿಸ್ಕೊದಿಂದ ಯುನೈಟೆಡ್, ಸಿಯಾಟಲ್‌ನಿಂದ ಅಮೆರಿಕನ್. ಮೊದಲು ಕೋವಿಡ್, ಆಮೇಲೆ ರಷ್ಯದ ಆಕಾಶ. ಎರಡೂ ಹಾರಲೇ ಇಲ್ಲ. ಏರ್ ಇಂಡಿಯಾದ್ದು ಹಾರಿತು, ನಡುವೆ ನಿಂತು 2022ರ ಡಿಸೆಂಬರಿನಲ್ಲಿ ಮತ್ತೆ ಶುರುವಾಯಿತು. ನಮ್ಮವರಿಗೆ ಬೇರೆ ಬಾಗಿಲು ಮುಚ್ಚಿದೆ: 2019ರಲ್ಲಿ ಬಾಲಾಕೋಟ್ ದಾಳಿಯ ನಂತರ ಕೆಲವು ತಿಂಗಳು, 2025ರ ಏಪ್ರಿಲಿನಲ್ಲಿ ಪಹಲ್ಗಾಮ್ ದಾಳಿಯ ನಂತರ ಇನ್ನೊಮ್ಮೆ ಪಾಕಿಸ್ತಾನದ ಆಕಾಶ. ಹೆಚ್ಚು ಪೆಟ್ಟು ಬಿದ್ದದ್ದು ದೆಹಲಿಯಿಂದ ಹೊರಡುವ ವಿಮಾನಗಳಿಗೆ. ಅಮೆರಿಕಕ್ಕೆ ಹೋಗುವ ಕೆಲವು ವಿಮಾನಗಳು ಇಂಧನಕ್ಕಾಗಿ ವಿಯೆನ್ನಾದಲ್ಲಿ ಇಳಿಯಬೇಕಾಯಿತು.

ಈಗ ಗಾಳಿ. ನನ್ನ ಮಟ್ಟಿಗೆ ಈ ಉಪನ್ಯಾಸದ ತಿರುಳು ಇದು.

2015ರ ಡಿಸೆಂಬರಿನಲ್ಲಿ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ನೇರ ವಿಮಾನ ಶುರುವಾದಾಗ ಏರ್ ಇಂಡಿಯಾ ಪಶ್ಚಿಮದ ದಾರಿ ಹಿಡಿದಿತ್ತು, ಸುಮಾರು 13,900 ಕಿ.ಮೀ. 2016ರ ಅಕ್ಟೋಬರಿನಲ್ಲಿ ದಾರಿ ಬದಲಿಸಿ ಪೂರ್ವಕ್ಕೆ, ಪೆಸಿಫಿಕ್ ಮೇಲೆ ಕಳಿಸಿದರು. ದೂರ 15,300 ಕಿ.ಮೀ.ಗೆ ಏರಿತು, 1,400 ಕಿ.ಮೀ. ಹೆಚ್ಚು. ಹಿಡಿದ ಹೊತ್ತು ಹದಿನಾಲ್ಕೂವರೆ ಗಂಟೆ, ಹಳೆಯ ದಾರಿಗಿಂತ ಎರಡು ಗಂಟೆಯಷ್ಟು ಕಡಿಮೆ. ಆ ಹೊತ್ತಿಗೆ ಜಗತ್ತಿನ ಅತಿ ದೂರದ ನೇರ ಹಾರಾಟ ಎಂಬ ಹೆಸರೂ ಅದಕ್ಕೆ ಬಂತು. ಭಾಗಿಸಿ ನೋಡಿ: ನೆಲದ ಮೇಲಿನ ವೇಗ ಗಂಟೆಗೆ 1,050 ಕಿ.ಮೀ. ದಾಟುತ್ತದೆ. ಆ ವಿಮಾನ ಗಾಳಿಯೊಳಗೆ ಹೋಗುವ ವೇಗ 900ರ ಆಸುಪಾಸು. ಉಳಿದದ್ದು ಗಾಳಿಯ ಕೊಡುಗೆ.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ತೆಗೆಯಬೇಕು. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುವುದರಿಂದ ಪಶ್ಚಿಮಕ್ಕೆ ಹಾರಿದರೆ ಊರು ತಾನೇ ಎದುರು ಬರುತ್ತದೆ ಎಂದು ಕೆಲವರ ವಾದ. ಅದೇ ಕಾರಣಕ್ಕೆ ಪೂರ್ವಕ್ಕೆ ಹಾರಿದರೆ ಬೇಗ ಎಂದು ಇನ್ನು ಕೆಲವರದು. ಎರಡೂ ತಪ್ಪು. ಬೆಂಗಳೂರು ಗಂಟೆಗೆ 1,600 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಪೂರ್ವಕ್ಕೆ ತಿರುಗುತ್ತಿದೆ, ಅದರ ಜೊತೆಗೆ ಅದರ ಮೇಲಿನ ಗಾಳಿಯೂ ರನ್‌ವೇ ಮೇಲಿನ ವಿಮಾನವೂ ತಿರುಗುತ್ತಿವೆ. ಭೂಮಿಯ ತಿರುಗುವಿಕೆ ನೆರವಿಗೆ ಬರುವುದು ಅಡ್ಡದಾರಿಯಲ್ಲಿ. ಬಿಸಿಲು ನಾಡಿನಲ್ಲಿ ಮೇಲೆದ್ದ ಗಾಳಿ ಉತ್ತರಕ್ಕೆ ಸರಿಯುವಾಗ ತನ್ನ ಪೂರ್ವದ ವೇಗವನ್ನು ಬಿಟ್ಟುಕೊಡುವುದಿಲ್ಲ. ಮೇಲಿನ ಅಕ್ಷಾಂಶಗಳಲ್ಲಿ ನೆಲ ನಿಧಾನವಾಗಿ ತಿರುಗುತ್ತಿರುವುದರಿಂದ ಗಾಳಿ ನೆಲವನ್ನು ಹಿಂದಿಕ್ಕಿ ಪೂರ್ವಕ್ಕೆ ನುಗ್ಗುತ್ತದೆ. ಹತ್ತು ಹನ್ನೆರಡು ಕಿಲೋಮೀಟರು ಎತ್ತರದಲ್ಲಿ, ಬಿಸಿ ಗಾಳಿಯೂ ತಣ್ಣನೆಯ ಗಾಳಿಯೂ ಕೂಡುವ ಕಡೆ ಈ ಓಟ ಕಿರಿದಾದ ಹೊಳೆಯಾಗುತ್ತದೆ. ಜೆಟ್ ಸ್ಟ್ರೀಮ್ ಎನ್ನುವುದು ಇದನ್ನೇ. ಚಳಿಗಾಲದಲ್ಲಿ ಜಪಾನಿನ ಮೇಲೆ ಇದರ ಸೆಳೆತ ಅತಿ ಬಲವಾದದ್ದು.

ಇದನ್ನು ಮೊದಲು ಅಳೆದವನೂ ಜಪಾನಿನವನೇ, ವಾಸಾಬುರೊ ಓಯಿಶಿ. ತತೆನೊ ಎಂಬ ಊರಿನ ವೀಕ್ಷಣಾಲಯದಲ್ಲಿ ಬಲೂನು ಬಿಟ್ಟು, ದೂರದರ್ಶಕದಲ್ಲಿ ಅವು ಸರಿಯುವುದನ್ನು ನೋಡಿ, ಮೇಲಿನ ಗಾಳಿಯ ವೇಗ ಕಂಡುಕೊಂಡ. ತನ್ನ ಫಲಿತಾಂಶ ಜಗತ್ತಿಗೆಲ್ಲ ತಿಳಿಯಲಿ ಎಂದು 1926ರಲ್ಲಿ ಅದನ್ನು ಎಸ್ಪೆರಾಂಟೊ ಭಾಷೆಯಲ್ಲಿ ಅಚ್ಚು ಹಾಕಿಸಿದ. ಜಗತ್ತು ಓದಲಿಲ್ಲ. 1944ರಲ್ಲಿ ಬಿ-29 ಬಾಂಬರುಗಳು ಟೋಕಿಯೊ ಮೇಲೆ ಎತ್ತರದಲ್ಲಿ ಹೋದಾಗ ಬಾಂಬುಗಳು ಗುರಿಯಿಂದ ಎಲ್ಲೆಲ್ಲೋ ಬಿದ್ದವು, ಎದುರುಗಾಳಿಯಲ್ಲಿ ವಿಮಾನ ಮುಂದೆ ಸರಿಯುವುದೇ ಕಷ್ಟವಾಯಿತು. ಅದೇ ಗಾಳಿಯನ್ನು ನಂಬಿ ಜಪಾನ್ ಸಾವಿರಾರು ಬಾಂಬಿನ ಬಲೂನುಗಳನ್ನು ಅಮೆರಿಕದ ಕಡೆ ತೇಲಿಬಿಟ್ಟಿತು. ಈಗ ಅದೇ ದಾರಿಯಲ್ಲಿ ನಮ್ಮ ಅತ್ತೆ ಮಾವಂದಿರು ಉಪ್ಪಿನಕಾಯಿ ಡಬ್ಬಿ ಕಟ್ಟಿಕೊಂಡು ಹೋಗುತ್ತಾರೆ.

ಗಾಳಿಯ ಲೆಕ್ಕದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಹೋಗುವಾಗ ಲಾಭ, ಬರುವಾಗ ನಷ್ಟ, ಎರಡೂ ಸರಿಹೋಗುತ್ತದೆ ಎನ್ನುತ್ತೇವೆ. ಸರಿಹೋಗುವುದಿಲ್ಲ. 14,000 ಕಿ.ಮೀ. ದಾರಿ, ವಿಮಾನದ ವೇಗ 900, ಗಾಳಿ 100 ಎಂದಿಟ್ಟುಕೊಳ್ಳಿ. ಗಾಳಿಯ ಜೊತೆ 1,000 ವೇಗದಲ್ಲಿ 14 ಗಂಟೆ. ಎದುರು 800 ವೇಗದಲ್ಲಿ ಹದಿನೇಳೂವರೆ. ಎರಡೂ ಸೇರಿ ಮೂವತ್ತೊಂದೂವರೆ ಗಂಟೆ. ಗಾಳಿಯೇ ಇಲ್ಲದಿದ್ದರೆ ಹೋಗಿಬರಲು ಮೂವತ್ತೊಂದು ಗಂಟೆಯ ಮೇಲೆ ಕೆಲವೇ ನಿಮಿಷ ಸಾಕಿತ್ತು. ನಿಧಾನವಾಗಿ ಹೋಗುವಾಗ ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತೀರಿ, ಅದಕ್ಕೆ. ಹೀಗಾಗಿ ಬುದ್ಧಿವಂತ ಏರ್‌ಲೈನ್ ಹೋಗುವಾಗ ಒಂದು ದಾರಿ, ಬರುವಾಗ ಬೇರೆ ದಾರಿ ಹಿಡಿಯುತ್ತದೆ: ಪೂರ್ವಕ್ಕೆ ಹೊಳೆಯ ನಡುವೆ, ಪಶ್ಚಿಮಕ್ಕೆ ಹೊಳೆಯ ಅಂಚನ್ನು ತಪ್ಪಿಸಿ ಧ್ರುವದ ಕಡೆಗೆ. 2020ರ ಫೆಬ್ರವರಿಯಲ್ಲಿ ಯೂರೋಪಿಗೆ ದೊಡ್ಡ ಬಿರುಗಾಳಿ ಬಂದಾಗ ಬ್ರಿಟಿಷ್ ಏರ್‌ವೇಸ್‌ನ ಒಂದು ಜಂಬೋ ಜೆಟ್ ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಬಂದಿತ್ತು. ನೆಲದ ಮೇಲೆ ಅದರ ವೇಗ ಗಂಟೆಗೆ 1,300 ಕಿ.ಮೀ. ಮುಟ್ಟಿತ್ತು. ಶಬ್ದದ ವೇಗ ದಾಟಿತೇ? ಇಲ್ಲ, ಸುತ್ತಲಿನ ಗಾಳಿಗೆ ಹೋಲಿಸಿದರೆ ಅದು ಎಂದಿನ ವೇಗದಲ್ಲೇ ಇತ್ತು.

ಇಷ್ಟು ದೂರವನ್ನು ಒಂದೇ ಉಸಿರಿಗೆ ಹಾರುವುದು ಎಂದಿನಿಂದ ಸಾಧ್ಯವಾಯಿತು? 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮೂಲಕ ಮುಂಬೈಗೆ ಅಂಚೆ ತಂದರು. ಅಲ್ಲಿಂದ ಅದನ್ನು ನೆವಿಲ್ ವಿನ್ಸೆಂಟ್ ಮದ್ರಾಸಿಗೆ ಒಯ್ದರು, ಬಳ್ಳಾರಿಯಲ್ಲಿ ರಾತ್ರಿ ತಂಗಿ. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಟಾಟಾ ಅವರ ಮೊದಲ ವಿಮಾನ ಅಂಚೆಯ ನಿಲುಗಡೆ ಎಂಬ ಹೆಮ್ಮೆಯನ್ನು ಆ ಊರು ಯಾಕೋ ಮೆರೆಸಿಕೊಂಡಿಲ್ಲ. ಇಂಥ ನಿಲುಗಡೆಗಳ ಕಾಲ ಕಳೆದು, 2005ರ ನವೆಂಬರಿನಲ್ಲಿ ಒಂದು ಬೋಯಿಂಗ್ 777-200 ಎಲ್‌ಆರ್ ಹಾಂಗ್‌ಕಾಂಗಿನಿಂದ ಹೊರಟು ಪೂರ್ವಕ್ಕೇ ಹಾರಿ, ಪೆಸಿಫಿಕ್, ಅಮೆರಿಕ, ಅಟ್ಲಾಂಟಿಕ್ ದಾಟಿ ಲಂಡನ್ ಸೇರಿತು. 21,602 ಕಿ.ಮೀ., 22 ಗಂಟೆ 42 ನಿಮಿಷ. ಭೂಮಿಯ ಮೇಲೆ ಯಾವ ಎರಡು ಊರೂ 20,000 ಕಿ.ಮೀ.ಗಿಂತ ಹೆಚ್ಚು ದೂರ ಇರಲು ಸಾಧ್ಯವಿಲ್ಲ, ಹಾಗಾಗಿ ಅವತ್ತೇ ದೂರದ ಸಮಸ್ಯೆ ಮುಗಿಯಬೇಕಿತ್ತು.

ಮುಗಿಯಲಿಲ್ಲ, ಯಾಕೆಂದರೆ ಆ ಹಾರಾಟದಲ್ಲಿ ಸೀಟುಗಳ ತುಂಬ ಜನರಿರಲಿಲ್ಲ. ಇಂಧನ ಹೊರುವುದಕ್ಕೂ ಇಂಧನ ಬೇಕು. ಹದಿನಾರು ಗಂಟೆಯ ಹಾರಾಟಕ್ಕೆ ಹೆಚ್ಚುವರಿಯಾಗಿ ತುಂಬಿದ ಇಂಧನದಲ್ಲಿ ಸುಮಾರು ಮೂರನೇ ಒಂದು ಪಾಲು ಅದನ್ನು ಹೊತ್ತುಕೊಂಡು ಹೋಗುವುದರಲ್ಲೇ ಉರಿದುಹೋಗುತ್ತದೆ. ಎತ್ತಿಗೆ ಬೇಕಾದ ಹುಲ್ಲನ್ನೇ ಗಾಡಿಯ ತುಂಬ ಹೇರಿದರೆ ಚೀಲಕ್ಕೆ ಜಾಗ ಎಲ್ಲಿ? ಬೆಂಗಳೂರಿಗೆ ಇನ್ನೊಂದು ತೊಡಕು ಇದೆ, ನಾವು ಹೆಮ್ಮೆಪಡುವ ತಂಪಿಗೆ ಕಾರಣವಾದ ಎತ್ತರದಿಂದಲೇ ಬಂದದ್ದು. ದೇವನಹಳ್ಳಿಯ ರನ್‌ವೇ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ಗಾಳಿ ತೆಳು, ರೆಕ್ಕೆಗೆ ಆನಿಕೆ ಕಡಿಮೆ, ಎಂಜಿನ್ನಿಗೆ ಉಸಿರು ಕಡಿಮೆ. 4,000 ಮೀಟರು ಉದ್ದದ ರನ್‌ವೇ ಇದ್ದರೂ ಅದೇ ವಿಮಾನ ಮುಂಬೈಯಿಂದ ಎತ್ತುವಷ್ಟು ತೂಕವನ್ನು ಏಪ್ರಿಲಿನ ಮಧ್ಯಾಹ್ನ ಇಲ್ಲಿಂದ ಎತ್ತಲಾರದು. ಆಗ ಇಂಧನ ಬಿಡಲಾಗುವುದಿಲ್ಲ, ಸರಕನ್ನೋ ಸೀಟನ್ನೋ ಬಿಡಬೇಕು. ಟಿಕೆಟ್ಟಿನ ಬೆಲೆಯನ್ನು ಬೈಯುವಾಗ ಇದೂ ನೆನಪಿರಲಿ.

ಗಡಿಯಾರದ ಮಾತನ್ನು ಬೇಗ ಮುಗಿಸುತ್ತೇನೆ. ಚಳಿಗಾಲದಲ್ಲಿ ಎರಡೂ ಊರಿಗೆ ಹದಿಮೂರೂವರೆ ಗಂಟೆ ಅಂತರ, ಬೇಸಿಗೆಯಲ್ಲಿ ಹನ್ನೆರಡೂವರೆ. 2021ರ ಜನವರಿ 11ರ ಸೋಮವಾರ ಬೆಂಗಳೂರಿನಿಂದ ಮಧ್ಯಾಹ್ನ ಎರಡೂವರೆಗೆ ಹೊರಡುವ ವಿಮಾನ ಅದೇ ಸೋಮವಾರ ಸಂಜೆ ಐದಕ್ಕೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿಯಬೇಕೆಂದು ವೇಳಾಪಟ್ಟಿ ಹೇಳುತ್ತಿತ್ತು. ಗೋಡೆ ಗಡಿಯಾರದ ಪ್ರಕಾರ ಎರಡೂವರೆ ಗಂಟೆ, ಕೂತವರ ಸೊಂಟದ ಪ್ರಕಾರ ಹದಿನಾರು. ಬರುವಾಗ ಶನಿವಾರ ರಾತ್ರಿ ಎಂಟೂವರೆಗೆ ಹೊರಟರೆ ಸೋಮವಾರ ಬೆಳಗಿನ ಜಾವ 3.45ಕ್ಕೆ ಇಲ್ಲಿ; ಭಾನುವಾರ ಎಲ್ಲಿ ಹೋಯಿತು ಎಂದು ಕೇಳಿದರೆ ಧ್ರುವದ ಮೇಲೆ ಎನ್ನಬೇಕು. ಏಕಾದಶಿ ಮಾಡುವ ನನ್ನ ಪರಿಚಯದ ಹಿರಿಯರೊಬ್ಬರು ಉಪವಾಸವನ್ನು ಯಾವ ಊರಿನ ಸೂರ್ಯೋದಯಕ್ಕೆ ಬಿಡಬೇಕೆಂದು ವಿಚಾರಿಸಿದ್ದರು. ಅಮೆರಿಕದ ಊರುಗಳಿಗೇ ಪ್ರತ್ಯೇಕ ಪಂಚಾಂಗ ಸಿಗುತ್ತದೆ, ಆದರೆ ವಿಮಾನಕ್ಕೆ ಪಂಚಾಂಗ ಇಲ್ಲ. ಇಳಿದ ಮೇಲೆ ನೋಡಿಕೊಳ್ಳಿ ಎಂದೆ.

ಟಿಕೆಟ್ಟಿನ ಮೇಲೆ ಅಚ್ಚಾಗುವ ಹೊತ್ತು ಕೂಡ ಹಾರಾಟದ ಹೊತ್ತಲ್ಲ. ಹೊರಡುವಾಗ ಚಕ್ರಕ್ಕೆ ಒತ್ತು ಕೊಟ್ಟ ಚಾಕ್ ತೆಗೆದ ಕ್ಷಣದಿಂದ ಇಳಿದು ಮತ್ತೆ ಚಾಕ್ ಇಡುವವರೆಗಿನದು; ಏರ್‌ಲೈನಿನವರು ಬ್ಲಾಕ್ ಟೈಮ್ ಎನ್ನುತ್ತಾರೆ. ಟ್ಯಾಕ್ಸಿವೇ ಮೇಲಿನ ಸಾಲು, ಇಳಿಯುವ ಮುಂಚಿನ ಗಿರಕಿ ಎಲ್ಲ ಅದರಲ್ಲಿ ಸೇರಿದೆ. ತಡವಾಯಿತು ಎಂಬ ದೂರು ಬಾರದಿರಲಿ ಎಂದು ಮೇಲೆ ಒಂದಿಷ್ಟು ಸೇರಿಸಿಯೂ ಇರುತ್ತಾರೆ. ಅರ್ಧ ಗಂಟೆ ಮುಂಚೆಯೇ ಇಳಿದೆವು ಎಂದು ಪೈಲಟ್ ಘೋಷಿಸಿದಾಗ ಚಪ್ಪಾಳೆ ತಟ್ಟುವವರು ಇದನ್ನು ತಿಳಿದಿರುವುದು ಒಳ್ಳೆಯದು.

ಕೊನೆಗೆ, ಉಪನ್ಯಾಸದ ವಿಷಯ ತಿಳಿದಾಗಿನಿಂದ ಹಲವರು ಕೇಳಿರುವ ಪ್ರಶ್ನೆ: ನೇರ ವಿಮಾನ ಸಿಕ್ಕರೆ ಅದರಲ್ಲೇ ಹೋಗುವುದೋ, ನಡುವೆ ಇಳಿದು ಹೋಗುವುದೋ? ದೂರವನ್ನೇ ನೋಡಿದರೆ ದುಬೈ ಮೂಲಕ ಸುಮಾರು 2,700 ಮತ್ತು 13,000, ಒಟ್ಟು 15,700 ಕಿ.ಮೀ. ಫ್ರಾಂಕ್‌ಫರ್ಟ್ ಮೂಲಕ 7,400 ಮತ್ತು 9,100, ಒಟ್ಟು 16,500. ನೇರಕ್ಕಿಂತ ಎರಡು ಮೂರು ಗಂಟೆ ಹೆಚ್ಚಿನ ಹಾರಾಟ, ಅದರ ಮೇಲೆ ಕಾಯುವ ಹೊತ್ತು. ದುಬೈ ದಾರಿಯಲ್ಲಿ ಎರಡನೆಯ ತುಂಡೇ ಬಹುತೇಕ ನೇರ ವಿಮಾನದಷ್ಟು ಉದ್ದ, ಇಳಿದದ್ದರಿಂದ ಕಾಲಿಗೆ ಸಿಕ್ಕ ಲಾಭ ಅಷ್ಟಕ್ಕಷ್ಟೇ. ಫ್ರಾಂಕ್‌ಫರ್ಟ್ ದಾರಿ ಹೆಚ್ಚುಕಡಿಮೆ ಅರ್ಧಕ್ಕೆ ತುಂಡಾಗುತ್ತದೆ. ಮಂಡಿ ಗಟ್ಟಿ ಇದ್ದು ಹದಿನಾರು ಗಂಟೆ ಒಂದೇ ಕಡೆ ಕೂರಲಾಗದವರಿಗೆ ಅದು ಮೇಲು. ದೊಡ್ಡ ನಿಲ್ದಾಣದಲ್ಲಿ ಗೇಟು ಹುಡುಕಿ ನಡೆಯಲಾಗದವರಿಗೆ, ಭಾಷೆಯ ಅಳುಕು ಇರುವವರಿಗೆ, ದುಡ್ಡು ಹೆಚ್ಚಾದರೂ ನೇರ ವಿಮಾನವೇ ಸರಿ. ಎರಡು ಗಂಟೆಗೊಮ್ಮೆ ಎದ್ದು ಓಡಾಡಿ, ನೀರು ಕುಡಿಯುತ್ತಿರಿ. ಯಾವುದನ್ನು ಆರಿಸಿದರೂ ಹೊರಡುವ ಹಿಂದಿನ ವಾರ ಒಮ್ಮೆ ವೇಳಾಪಟ್ಟಿ ನೋಡಿಕೊಳ್ಳಿ, ದಾರಿಯ ಯಾವುದಾದರೂ ಆಕಾಶ ಅಷ್ಟರಲ್ಲಿ ಮುಚ್ಚಿರಬಹುದು. ಬನಶಂಕರಿಯಿಂದಲೋ ಕೆಂಗೇರಿಯಿಂದಲೋ ಹೊರಡುವವರು ದೇವನಹಳ್ಳಿಯವರೆಗಿನ ಹೊತ್ತನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕು. ಅದಕ್ಕೆ ನನ್ನ ಹತ್ತಿರ ಯಾವ ಸೂತ್ರವೂ ಇಲ್ಲ.